ಗುಂಡಿ ಒತ್ತಿದರೆ ದೀಪ: ಅಷ್ಟೇನಾ?

ವಿಧಾನಸಭೆಯದೋ ಲೋಕಸಭೆಯದೋ ಚುನಾವಣೆ ನಡೆಯುವ ದಿನ. ಸಂಜಯನಗರದ ಶಾಲೆಯೊಂದರ ಮುಂದೆ ಬೆಳಿಗ್ಗೆಯೇ ಜನರ ಸಾಲು. ಬೆರಳಿಗೆ ಶಾಯಿ ಹಾಕಿಸಿಕೊಂಡು, ಸಹಿ ಮಾಡಿ, ರಟ್ಟಿನ ಮರೆಯ ಹಿಂದೆ ಹೋದರೆ ಅಲ್ಲೊಂದು ಪೆಟ್ಟಿಗೆ. ಅದರ ಮೇಲೆ ಹಸಿರು ದೀಪ ಹೊತ್ತಿಕೊಂಡಿದೆ. ಮೆಚ್ಚಿದ ಅಭ್ಯರ್ಥಿಯ ಹೆಸರಿನೆದುರಿನ ನೀಲಿ ಗುಂಡಿ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ. ಜೊತೆಗೆ ‘ಬೀಪ್’ ಎಂಬ ಸದ್ದು. ಕೆಲಸ ಮುಗಿಯಿತು. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಇದನ್ನು ಮಾಡಿ ಬಂದವರೇ.

ಈಗ ಅದೇ ಬಡಾವಣೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಊಟದ ಮೇಜಿನ ಮೇಲೆ ಒಂಬತ್ತನೆಯ ತರಗತಿಯ ಮಗಳು ಅಂಗೈಯಗಲದ ನೀಲಿ ಬೋರ್ಡೊಂದನ್ನು ಹರಡಿಕೊಂಡು ಕುಳಿತಿದ್ದಾಳೆ. ಪಕ್ಕದಲ್ಲಿ ಬಣ್ಣಬಣ್ಣದ ತಂತಿಗಳು, ಒಂದು ಪುಟ್ಟ ಗುಂಡಿ, ಒಂದು ಕೆಂಪು ಎಲ್‌ಇಡಿ. ಗುಂಡಿ ಒತ್ತಿದಾಗ ದೀಪ ಹೊತ್ತಬೇಕು, ಬಿಟ್ಟಾಗ ಆರಬೇಕು.

“ಕರೆಗಂಟೆ ಮಾಡೋಕೆ ಇಷ್ಟೆಲ್ಲ ರಾಮಾಯಣ ಬೇಕೇನಮ್ಮಾ?” ಎನ್ನುತ್ತಾರೆ ಅಪ್ಪ. ಮಗಳ ಬಳಿ ಉತ್ತರವಿಲ್ಲ. ಅವಳ ಚಿಂತೆಯೇ ಬೇರೆ. ಗುಂಡಿಯನ್ನು ಯಾರೂ ಮುಟ್ಟದಿದ್ದರೂ ದೀಪ ತನ್ನಷ್ಟಕ್ಕೆ ಮಿನುಗುತ್ತಿದೆ! ಕೈ ಹತ್ತಿರ ತಂದರೆ ಹೊತ್ತುತ್ತದೆ, ದೂರ ಒಯ್ದರೆ ಆರುತ್ತದೆ. “ಅಪ್ಪಾ, ಬೋರ್ಡೇ ಕೆಟ್ಟಿದೆ ಅನ್ಸುತ್ತೆ” ಎಂದು ಅವಳು ಎಲ್ಲವನ್ನೂ ಡಬ್ಬಿಗೆ ತುಂಬುತ್ತಾಳೆ.

ಬೋರ್ಡು ಕೆಟ್ಟಿಲ್ಲ. ಮೈಕ್ರೋಕಂಟ್ರೋಲರ್ ಕಲಿಯಲು ಹೊರಟ ಬಹಳಷ್ಟು ಮಕ್ಕಳು ಎಡವುವ ಮೊದಲ ಕಲ್ಲು ಇದು. ಕೆಲವರ ಉತ್ಸಾಹ ಇಲ್ಲೇ ಕೊನೆಯಾಗುವುದೂ ಉಂಟು. ಕಲ್ಲು ದಾಟಿದವರಿಗೆ ಮಾತ್ರ ಮತಯಂತ್ರದ ಗುಂಡಿಗೂ ಮೇಜಿನ ಮೇಲಿನ ಗುಂಡಿಗೂ ಇರುವ ನಂಟು ಕಾಣುತ್ತದೆ.

ರಸ್ತೆಯ ಹೆಸರಿನಲ್ಲೇ ಇದೆ

ಆ ನಂಟು ಹುಡುಕಲು ದೂರ ಹೋಗಬೇಕಿಲ್ಲ. ಸಂಜಯನಗರದ ಪಕ್ಕದಲ್ಲೇ ನ್ಯೂ ಬಿಇಎಲ್ ರಸ್ತೆ ಇದೆ. ಇಸ್ರೋದ ಕೇಂದ್ರ ಕಚೇರಿ ಅಂತರಿಕ್ಷ ಭವನ ಇರುವುದೂ ಈ ರಸ್ತೆಯಲ್ಲೇ. ರಸ್ತೆಗೆ ಹೆಸರು ಕೊಟ್ಟ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1954ರಲ್ಲಿ ಸ್ಥಾಪನೆಯಾಗಿ ಜಾಲಹಳ್ಳಿಯಲ್ಲಿ ಬೆಳೆದ ಸರ್ಕಾರಿ ಸಂಸ್ಥೆ. ಸೇನೆಗೆ ರೇಡಾರ್, ಸಂಪರ್ಕ ಸಾಧನಗಳನ್ನು ಒದಗಿಸುವುದು ಇದರ ಮುಖ್ಯ ಕೆಲಸ. ಭಾರತದ ಚುನಾವಣಾ ಆಯೋಗಕ್ಕೆ ಮತಯಂತ್ರ ತಯಾರಿಸಿಕೊಡುವ ಸಂಸ್ಥೆಗಳು ಎರಡೇ: ಒಂದು ಈ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್.

ಮತಯಂತ್ರ ಮೊದಲ ಬಾರಿಗೆ ಬಳಕೆಯಾದದ್ದು 1982ರ ಮೇ ತಿಂಗಳಲ್ಲಿ, ಕೇರಳದ ಪರೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರ ಕೊನೆಯಲ್ಲಿ ಸಂಸತ್ತು ಪ್ರಜಾಪ್ರತಿನಿಧಿ ಕಾಯಿದೆಗೆ ತಿದ್ದುಪಡಿ ತಂದಿತು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ ಕೆಲವು ಕ್ಷೇತ್ರಗಳಲ್ಲಿ ಯಂತ್ರ ಮತ್ತೆ ಬಂತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ಹರಡಿತು.

ಈ ಯಂತ್ರದ ಒಳಗಿರುವುದು ಒಮ್ಮೆ ಮಾತ್ರ ಪ್ರೋಗ್ರಾಂ ಬರೆಯಬಹುದಾದ ಮೈಕ್ರೋಕಂಟ್ರೋಲರ್. ಮಗಳ ಬೋರ್ಡಿನಲ್ಲಿರುವುದು ಎಷ್ಟು ಸಲ ಬೇಕಾದರೂ ಅಳಿಸಿ ಬರೆದು ಕಲಿಯಬಹುದಾದದ್ದು. ಇಬ್ಬರ ಮುಂದಿರುವ ಪ್ರಶ್ನೆ ಮಾತ್ರ ಒಂದೇ: ಗುಂಡಿ ಒತ್ತಿದ್ದಾರೋ ಇಲ್ಲವೋ? ಒತ್ತಿದ್ದರೆ ಎಷ್ಟು ಸಲ?

ಕಂಡಕ್ಟರ್ ಸೀಟಿ

ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿಸಿಟ್ಟ ಪುಟ್ಟ ಕಂಪ್ಯೂಟರು. ಲೆಕ್ಕ ಹಾಕುವ ಭಾಗ, ನೆನಪು, ಹೊರಗಿನ ಪ್ರಪಂಚದೊಡನೆ ಮಾತಾಡುವ ಕಾಲುಗಳು ಎಲ್ಲವೂ ಅದರಲ್ಲೇ. ಈ ಕಾಲುಗಳನ್ನು ಪಿನ್‌ಗಳೆನ್ನುತ್ತಾರೆ. ಬಟ್ಟೆ ಒಗೆಯುವ ಯಂತ್ರ, ಮೈಕ್ರೋವೇವ್ ಒಲೆ, ಟಿ.ವಿ. ರಿಮೋಟು ಮೊದಲಾದವುಗಳಲ್ಲಿ ಇಂಥ ಚಿಪ್‌ಗಳು ಕೂತಿರುತ್ತವೆ.

ಕಲಿಯುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರ್ಡುಯಿನೊ ಬೋರ್ಡು. 2005ರಲ್ಲಿ ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೂ ನಿಲುಕಲಿ ಎಂದು ರೂಪಿಸಿದ್ದು. ಇದರ ‘ಊನೊ’ ಎಂಬ ಮಾದರಿಯಲ್ಲಿ 0ಯಿಂದ 13ರವರೆಗೆ ಅಂಕೆ ಹಾಕಿದ 14 ಡಿಜಿಟಲ್ ಪಿನ್‌ಗಳಿವೆ. ಡಿಜಿಟಲ್ ಎಂದರೆ ಎರಡೇ ಮಾತು ಬಲ್ಲದ್ದು: ಹೌದು ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಊನೊದಲ್ಲಿ 5 ವೋಲ್ಟ್ ಎಂದರೆ ಒಂದು, 0 ವೋಲ್ಟ್ ಎಂದರೆ ಸೊನ್ನೆ.

ಪ್ರತಿಯೊಂದು ಪಿನ್ನೂ ಕಿವಿಯಾಗಬಲ್ಲದು, ಬಾಯಿಯೂ ಆಗಬಲ್ಲದು. ಹೊರಗಿನ ಸುದ್ದಿ ಕೇಳುವುದಾದರೆ ಅದು ಇನ್‌ಪುಟ್. ಹೊರಗೆ ಆಜ್ಞೆ ಕೊಡುವುದಾದರೆ ಔಟ್‌ಪುಟ್. ಯಾವ ಪಿನ್ ಯಾವ ಕೆಲಸಕ್ಕೆ ಎಂಬುದನ್ನು ಪ್ರೋಗ್ರಾಮಿನ ಆರಂಭದಲ್ಲೇ ಹೇಳಬೇಕು.

ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕರೆಗಂಟೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ತು ಗುಂಡಿಯ ಮೂಲಕವೇ ಹರಿಯುತ್ತದೆ. ಒತ್ತಿದರೆ ಬಾರಿಸಲೇಬೇಕು, ಬೇರೆ ದಾರಿಯಿಲ್ಲ. ಮೈಕ್ರೋಕಂಟ್ರೋಲರಿನಲ್ಲಿ ಹಾಗಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದರೆ ಬಸ್ಸು ನಿಲ್ಲುವುದು ಸೀಟಿಯ ಬಲದಿಂದಲ್ಲವಷ್ಟೆ! ಸೀಟಿ ಬರೀ ಸುದ್ದಿ. ಅದನ್ನು ಕೇಳಿ ಬ್ರೇಕು ಒತ್ತುವವನು ಡ್ರೈವರು. ಹಾಗೆಯೇ ಇಲ್ಲಿ ಗುಂಡಿ ತರುವುದು ಸುದ್ದಿ ಮಾತ್ರ. ದೀಪ ಹೊತ್ತಿಸಬೇಕೇ, ಎರಡು ನಿಮಿಷ ಬಿಟ್ಟು ಹೊತ್ತಿಸಬೇಕೇ, ಮೂರನೆಯ ಸಲ ಒತ್ತಿದಾಗ ಮಾತ್ರ ಹೊತ್ತಿಸಬೇಕೇ ಎಂಬ ತೀರ್ಮಾನ ಪ್ರೋಗ್ರಾಮಿನದು. ತೀರ್ಮಾನ ಬದಲಿಸಲು ತಂತಿ ಬದಲಿಸಬೇಕಿಲ್ಲ, ನಾಲ್ಕು ಸಾಲು ಬದಲಿಸಿದರೆ ಸಾಕು.

ಮೊದಲು ದೀಪ

ಕಲಿಕೆಗೆ ಔಟ್‌ಪುಟ್ ಸುಲಭ, ಅಲ್ಲಿಂದಲೇ ಆರಂಭಿಸಬೇಕು. ಪಿನ್ನನ್ನು ಔಟ್‌ಪುಟ್ ಎಂದು ಗೊತ್ತುಮಾಡಿ ‘ಒಂದು’ ಎಂದರೆ ಅದರಲ್ಲಿ 5 ವೋಲ್ಟ್ ಬರುತ್ತದೆ. ಆದರೆ ಎಲ್‌ಇಡಿಯನ್ನು ನೇರವಾಗಿ ಜೋಡಿಸಬಾರದು. ಎಷ್ಟು ಪ್ರವಾಹ ಸಾಕೆಂಬುದು ಎಲ್‌ಇಡಿಗೆ ತಿಳಿಯದು. ಸಿಕ್ಕಷ್ಟನ್ನೂ ಎಳೆದುಕೊಂಡು ತಾನೂ ಕೆಡುತ್ತದೆ, ಪಿನ್ನನ್ನೂ ಕೆಡಿಸಬಹುದು. ಅದಕ್ಕೇ ನಡುವೆ ರೋಧಕ, ಅಂದರೆ ರೆಸಿಸ್ಟರ್ ಇಡುವುದು.

ಯಾವ ಬೆಲೆಯ ರೋಧಕ? ಶಾಲೆಯ ಪಾಠದಲ್ಲಿ ಬರುವ ಓಮ್ ನಿಯಮವೇ ಸಾಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನಿಟ್ಟುಕೊಳ್ಳುತ್ತದೆ. 5ರಲ್ಲಿ 2 ಕಳೆದರೆ ರೋಧಕದ ಪಾಲು 3 ವೋಲ್ಟ್. ರೋಧಕ 330 ಓಮ್ ಇದ್ದರೆ 3 ಭಾಗಿಸು 330, ಅಂದರೆ ಸುಮಾರು 9 ಮಿಲಿಆಂಪಿಯರ್. ಅಟ್‌ಮೆಗಾ 328ಪಿ ಚಿಪ್ಪಿರುವ ಊನೊದಲ್ಲಿ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ಮೀರದಂತೆ ನೋಡಿಕೊಂಡರೆ ಕ್ಷೇಮ. ಎಲ್ಲ ಬೋರ್ಡುಗಳೂ ಹೀಗಿಲ್ಲ. 2023ರಲ್ಲಿ ಬಂದ ಊನೊ ಆರ್4 ಮಾದರಿಯ ಪಿನ್ನಿಗೆ 8 ಮಿಲಿಆಂಪಿಯರೇ ಮಿತಿ. ಅದಕ್ಕೆ 470 ಓಮ್ ಹಾಕಬೇಕು. ಇಎಸ್‌ಪಿ32, ರಾಸ್ಪ್‌ಬೆರಿ ಪೈ ಪಿಕೊ ಮುಂತಾದ ಬೋರ್ಡುಗಳ ಪಿನ್‌ಗಳು 3.3 ವೋಲ್ಟಿನವು. ಅವುಗಳಿಗೆ 5 ವೋಲ್ಟ್ ಕೊಟ್ಟರೆ ಚಿಪ್ ಹಾಳಾಗಬಹುದು. ಯಾರದೋ ಚಿತ್ರ ನೋಡಿ ತಂತಿ ಜೋಡಿಸುವ ಮುನ್ನ ತಮ್ಮ ಬೋರ್ಡಿನ ಮಿತಿ ಏನೆಂದು ಓದುವುದು ಒಳ್ಳೆಯದು.

ಮೋಟಾರನ್ನು ಪಿನ್ನಿನಿಂದಲೇ ತಿರುಗಿಸುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಪುಟ್ಟ ಮೋಟಾರೂ ನೂರಾರು ಮಿಲಿಆಂಪಿಯರ್ ಕೇಳಬಹುದು. ಪಿನ್ನಿನ ಕೆಲಸ ಆಜ್ಞೆ ಕೊಡುವುದು, ಭಾರ ಹೊರುವುದಲ್ಲ. ನಡುವೆ ಟ್ರಾನ್ಸಿಸ್ಟರ್ ಅಥವಾ ಮೋಟಾರು ಚಾಲಕ ಬೋರ್ಡು ಇರಲೇಬೇಕು.

‘ಇಲ್ಲ’ ಎಂಬುದನ್ನೂ ಹೇಳಬೇಕು

ಈಗ ಮಿನುಗುವ ದೀಪದ ಕಥೆಗೆ ಬರೋಣ. ಮಗಳು ಗುಂಡಿಯ ಒಂದು ತುದಿಯನ್ನು 5 ವೋಲ್ಟಿಗೆ, ಇನ್ನೊಂದನ್ನು ಪಿನ್ನಿಗೆ ಜೋಡಿಸಿದ್ದಳು. ಒತ್ತಿದರೆ ಪಿನ್ನಿಗೆ 5 ವೋಲ್ಟ್, ಸರಿ. ಒತ್ತದಿದ್ದರೆ? “ಏನೂ ಇಲ್ಲ, ಅಂದರೆ ಸೊನ್ನೆ” ಎಂದು ಅವಳು ಭಾವಿಸಿದ್ದಳು. ತಪ್ಪಾದದ್ದು ಇಲ್ಲೇ. ಏನೂ ಜೋಡಿಸದಿರುವುದು ಬೇರೆ, ಸೊನ್ನೆ ವೋಲ್ಟಿಗೆ ಜೋಡಿಸುವುದು ಬೇರೆ. ಶಿಕ್ಷಕರು ಹಾಜರಿ ಕೂಗಿದಾಗ ಉತ್ತರ ಬರದಿದ್ದರೆ ಮಗು ಬಂದಿಲ್ಲವೆಂದೇ ಅರ್ಥವಲ್ಲ, ಕೂಗು ಕೇಳಿಸದೆಯೂ ಇರಬಹುದು. ಮೌನವನ್ನು ‘ಇಲ್ಲ’ ಎಂದು ಬರೆದುಕೊಳ್ಳುವಂತಿಲ್ಲ.

ಇನ್‌ಪುಟ್ ಆದ ಪಿನ್ನಿನ ಕಿವಿ ಬಹಳ ಸೂಕ್ಷ್ಮ. ಅದು ಎಳೆದುಕೊಳ್ಳುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ಮೀರದು. ಹೀಗಾಗಿ ತುದಿ ಬಿಟ್ಟ ತಂತಿ ರೇಡಿಯೋದ ಏರಿಯಲ್ಲಿನಂತೆ ವರ್ತಿಸುತ್ತದೆ. ಗೋಡೆಯೊಳಗಿನ ವೈರಿಂಗಿನಲ್ಲಿ ಸೆಕೆಂಡಿಗೆ 50 ಸಲ ಹೊಯ್ದಾಡುವ ವಿದ್ಯುತ್ತಿನ ಪ್ರಭಾವ, ಹತ್ತಿರ ಬಂದ ಕೈಯ ಪ್ರಭಾವ, ಎಲ್ಲವೂ ಅದರ ಮೇಲೆ ಆಗುತ್ತದೆ. ಅಟ್‌ಮೆಗಾ ಚಿಪ್ 5 ವೋಲ್ಟಿನಲ್ಲಿ ನಡೆಯುವಾಗ 1.5 ವೋಲ್ಟಿಗಿಂತ ಕೆಳಗಿದ್ದರೆ ಖಚಿತವಾಗಿ ಸೊನ್ನೆ, 3 ವೋಲ್ಟಿಗಿಂತ ಮೇಲಿದ್ದರೆ ಖಚಿತವಾಗಿ ಒಂದು. ನಡುವೆ ಇದ್ದರೆ ಏನು ಓದುತ್ತದೆಂದು ಹೇಳುವಂತಿಲ್ಲ. ಇಂಥ ಪಿನ್ನನ್ನು ‘ತೇಲುವ ಪಿನ್’ ಎನ್ನುತ್ತಾರೆ.

ಮದ್ದು ಸುಲಭ. ಡಾಕ್ಟರ ಶಾಪಿನಲ್ಲಿ ಸ್ಪ್ರಿಂಗ್ ಹಾಕಿದ ಅರ್ಧ ಬಾಗಿಲು ಇರುತ್ತದಲ್ಲ, ಅದನ್ನು ನೆನೆಯಿರಿ. ಸ್ಪ್ರಿಂಗ್ ಇಲ್ಲದಿದ್ದರೆ ಗಾಳಿ ಬಂದತ್ತ ಆಡುತ್ತಿರುತ್ತದೆ. ಸ್ಪ್ರಿಂಗ್ ಇದ್ದರೆ ತಳ್ಳಿದಾಗ ತೆರೆಯುತ್ತದೆ, ಬಿಟ್ಟಾಗ ತಾನೇ ಮುಚ್ಚಿಕೊಳ್ಳುತ್ತದೆ. ಪಿನ್ನಿಗೆ ಸ್ಪ್ರಿಂಗ್ ಎಂದರೆ ಒಂದು ರೋಧಕ, ಸಾಮಾನ್ಯವಾಗಿ 10 ಕಿಲೋ ಓಮಿನದು. ಅದನ್ನು ಪಿನ್ನಿಗೂ 5 ವೋಲ್ಟಿಗೂ ನಡುವೆ ಹಾಕಿ, ಗುಂಡಿಯನ್ನು ಪಿನ್ನಿಗೂ ಸೊನ್ನೆ ವೋಲ್ಟಿಗೂ ನಡುವೆ ಹಾಕಬೇಕು. ಇದರ ಹೆಸರು ‘ಪುಲ್ ಅಪ್’ ರೋಧಕ. ಗುಂಡಿ ಬಿಟ್ಟಿರುವಾಗ ಅದು ಪಿನ್ನನ್ನು ಮೇಲಕ್ಕೆ, 5 ವೋಲ್ಟಿನತ್ತ ಎಳೆದಿಡುತ್ತದೆ. ಒತ್ತಿದಾಗ ಪಿನ್ ಸೊನ್ನೆಗೆ ಇಳಿಯುತ್ತದೆ.

ರೋಧಕದ ಬದಲು ಬರೀ ತಂತಿ ಹಾಕಿದರೆ ಏನು? ಸ್ಪ್ರಿಂಗಿನ ಬದಲು ಮೊಳೆ ಹೊಡೆದಂತೆ! ಗುಂಡಿ ಒತ್ತಿದೊಡನೆ 5 ವೋಲ್ಟೂ ಸೊನ್ನೆಯೂ ನೇರ ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. 10 ಕಿಲೋ ಓಮ್ ಇದ್ದರೆ ಒತ್ತಿದಾಗ ಹರಿಯುವುದು ಅರ್ಧ ಮಿಲಿಆಂಪಿಯರ್ ಮಾತ್ರ.

ಇನ್ನೊಂದು ಅನುಕೂಲವಿದೆ. ಅಟ್‌ಮೆಗಾ ಚಿಪ್ಪಿನ ಒಳಗೇ 20ರಿಂದ 50 ಕಿಲೋ ಓಮಿನ ಪುಲ್ ಅಪ್ ರೋಧಕ ಪ್ರತಿ ಪಿನ್ನಿಗೂ ಇದೆ. ಪಿನ್ನನ್ನು ‘ಇನ್‌ಪುಟ್’ ಎನ್ನುವ ಬದಲು ‘ಇನ್‌ಪುಟ್ ಪುಲ್ ಅಪ್’ ಎಂದು ಬರೆದರೆ ಅದು ಕೆಲಸಕ್ಕೆ ಬರುತ್ತದೆ. ಹೊರಗಿನ ರೋಧಕವೇ ಬೇಕಿಲ್ಲ. ನೆನಪಿಡಬೇಕಾದದ್ದು ಒಂದೇ: ಈ ಜೋಡಣೆಯಲ್ಲಿ ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ಮೊದಲು ತಲೆಕೆಳಗೆನಿಸುತ್ತದೆ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ.

ಒಮ್ಮೆ ಒತ್ತಿದರೆ ಏಳು!

ದೀಪ ಸರಿಹೋಯಿತು. ಈಗ ಮಗಳಿಗೆ ತರಗತಿಯ ನಾಯಕರ ಚುನಾವಣೆಗೆ ಪುಟ್ಟ ಮತಯಂತ್ರ ಮಾಡುವ ಹುಮ್ಮಸ್ಸು. ಮೂವರು ಅಭ್ಯರ್ಥಿಗಳಿಗೆ ಮೂರು ಗುಂಡಿ, ಒತ್ತಿದಾಗಲೆಲ್ಲ ಒಂದು ಮತ. ಒಮ್ಮೆ ಒತ್ತಿ ನೋಡಿದರೆ ಎಣಿಕೆ ಏಳು!

ಇದಕ್ಕೆ ಕಾರಣ ಎರಡು. ಊನೊದ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಮನುಷ್ಯನ ಬೆರಳು ಗುಂಡಿಯ ಮೇಲಿರುವ ಒಂದು ಕ್ಷಣದಲ್ಲಿ ಅದು ಸಾವಿರಾರು ಸಲ “ಒತ್ತಿದೆಯೇ?” ಎಂದು ಕೇಳಿ ಮುಗಿಸಿರುತ್ತದೆ. ಆದ್ದರಿಂದ ‘ಒತ್ತಿರುವುದನ್ನು’ ಎಣಿಸಬಾರದು. ಬಿಟ್ಟದ್ದು ಒತ್ತಿದ್ದಾಗಿ ಬದಲಾದ ಗಳಿಗೆಯನ್ನು ಎಣಿಸಬೇಕು. ಹಿಂದಿನ ಸಲ ಏನು ಓದಿದೆ ಎಂಬುದನ್ನು ನೆನಪಿಟ್ಟುಕೊಂಡು ಈಗಿನದರೊಡನೆ ಹೋಲಿಸಿದರೆ ಅದು ಸಿಗುತ್ತದೆ.

ಎರಡನೆಯದು ಗುಂಡಿಯ ಕುಣಿತ. ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಒಮ್ಮೆಲೇ ನಿಲ್ಲುತ್ತದೆಯೇ? ಟಣಟಣ ಎಂದು ನಾಲ್ಕಾರು ಸಲ ಪುಟಿದು ಆಮೇಲೆ ಸುಮ್ಮನಾಗುತ್ತದೆ. ಗುಂಡಿಯೊಳಗಿನ ಲೋಹದ ಪಟ್ಟಿಯೂ ಹಾಗೆಯೇ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ನಮ್ಮ ಕಣ್ಣಿಗೆ ಕಾಣದು, ಚಿಪ್ಪಿಗೆ ಕಾಣುತ್ತದೆ. 5 ಮಿಲಿಸೆಕೆಂಡಿನಲ್ಲಿ ಅದರ ಗಡಿಯಾರ 80,000 ಸಲ ಮಿಡಿದಿರುತ್ತದೆ. ಪರಿಹಾರವೆಂದರೆ ತಾಳ್ಮೆ. ಮೊದಲ ಬದಲಾವಣೆ ಕಂಡೊಡನೆ 20ರಿಂದ 50 ಮಿಲಿಸೆಕೆಂಡು ಕಾದು ಮತ್ತೊಮ್ಮೆ ಓದಿ, ಆಗಲೂ ಒತ್ತಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಇಷ್ಟಾದರೂ ಒಬ್ಬನೇ ಹುಡುಗ ಹತ್ತು ಸಲ ಒತ್ತಿ ಹೋಗಬಹುದು. ಇದಕ್ಕೆ ಉಪಾಯ ನಿಜವಾದ ಮತಯಂತ್ರದಲ್ಲೇ ಇದೆ. ಅದು ಎರಡು ಪೆಟ್ಟಿಗೆಗಳ ಯಂತ್ರ. ಮತದಾರರ ಮುಂದಿರುವುದು ಒಂದು, ಅಧಿಕಾರಿಯ ಬಳಿ ಇರುವ ನಿಯಂತ್ರಣ ಘಟಕ ಇನ್ನೊಂದು. ಅಧಿಕಾರಿ ‘ಬ್ಯಾಲೆಟ್’ ಗುಂಡಿ ಒತ್ತಿದ ಮೇಲೆಯೇ ಮತದಾರರ ಮುಂದಿನ ಹಸಿರು ದೀಪ ಹೊತ್ತುವುದು. ಒಂದು ಮತ ಬಿದ್ದೊಡನೆ ಬೀಗ ಬಿದ್ದಂತೆ. ಅಧಿಕಾರಿ ಮತ್ತೆ ಒತ್ತುವವರೆಗೆ ಯಾವ ನೀಲಿ ಗುಂಡಿ ಒತ್ತಿದರೂ ಎಣಿಕೆಯಾಗದು. ಮಗಳ ಯಂತ್ರಕ್ಕೂ ಶಿಕ್ಷಕರಿಗೆಂದು ನಾಲ್ಕನೆಯ ಗುಂಡಿ ಇಟ್ಟರಾಯಿತು. ಶಿಕ್ಷಕರು ಒತ್ತಿದರೆ ಪ್ರೋಗ್ರಾಮಿನಲ್ಲಿ ‘ಸಿದ್ಧ’ ಎಂಬ ಗುರುತು 1 ಆಗಲಿ, ಮತ ಬಿದ್ದೊಡನೆ 0 ಆಗಲಿ. ಗುರುತು 1 ಇದ್ದಾಗ ಮಾತ್ರ ಎಣಿಸಲಿ. ಕರೆಗಂಟೆ ಎಂದೂ ಮಾಡಲಾರದ ಕೆಲಸ ಇದು.

ಹೆತ್ತವರಿಗೆ ನಾಲ್ಕು ಮಾತು

ಸಾಮಾನು ಬೇಕಾದರೆ ನಗರದ ಎಲೆಕ್ಟ್ರಾನಿಕ್ಸ್ ಸಂತೆಯೆಂದೇ ಹೆಸರಾದ ಎಸ್.ಪಿ. ರಸ್ತೆಯ ಅಂಗಡಿಗಳಿವೆ. ಆರಂಭಕ್ಕೆ ಒಂದು ಬೋರ್ಡು, ಬ್ರೆಡ್‌ಬೋರ್ಡು, ತಂತಿಗಳು, ನಾಲ್ಕು ಗುಂಡಿ, ನಾಲ್ಕು ಎಲ್‌ಇಡಿ, ಒಂದಷ್ಟು ರೋಧಕಗಳು ಸಾಕು. ಹತ್ತಾರು ಸಂವೇದಕಗಳ ದೊಡ್ಡ ಪೆಟ್ಟಿಗೆಯನ್ನು ಮೊದಲೇ ಕೊಳ್ಳಬೇಕಿಲ್ಲ. ಖರ್ಚಿಗೆ ಮುನ್ನ ಪರೀಕ್ಷಿಸಬೇಕೆಂದರೆ ಟಿಂಕರ್‌ಕ್ಯಾಡ್ ಎಂಬ ಉಚಿತ ತಾಣದಲ್ಲಿ ಕಂಪ್ಯೂಟರಿನ ಪರದೆಯ ಮೇಲೆಯೇ ತಂತಿ ಜೋಡಿಸಿ ನೋಡಬಹುದು. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯ 6ರಿಂದ 12ನೆಯ ತರಗತಿಯವರಿಗಾಗಿಯೇ ಇರುವುದು. ಮಕ್ಕಳ ಶಾಲೆಯಲ್ಲಿ ಅದು ಇದೆಯೇ, ಬೀಗ ತೆಗೆಯುತ್ತಾರೆಯೇ ಎಂದು ಒಮ್ಮೆ ವಿಚಾರಿಸಿ.

5 ವೋಲ್ಟಿನಲ್ಲಿ ಕೈಗೆ ಶಾಕ್ ತಗಲುವ ಭಯವಿಲ್ಲ. ಆದರೆ ಮನೆಯ 230 ವೋಲ್ಟಿನ ಪ್ಲಗ್ಗಿಗೆ ರಿಲೇ ಜೋಡಿಸಿ ಫ್ಯಾನು, ಪಂಪು ನಡೆಸುವ ಸಾಹಸವನ್ನು ಮಕ್ಕಳಿಗೆ ಬಿಡಬಾರದು. ಅದು ತಿಳಿದವರು ಜೊತೆಗಿದ್ದು ಮಾಡುವ ಕೆಲಸ.

ದೀಪ ಹೊತ್ತಿತೆಂದು ಚಪ್ಪಾಳೆ ತಟ್ಟುವುದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: “ಗುಂಡಿ ಒತ್ತದೇ ಇದ್ದಾಗ ಪಿನ್ನಿಗೆ ಏನು ಗೊತ್ತಿರುತ್ತೆ?” ಮಗು ಉತ್ತರಿಸಿದರೆ ಕಲಿತಿದೆ ಎಂದರ್ಥ. ಯಾರೋ ಬರೆದ ಪ್ರೋಗ್ರಾಂ ತಂದು ಹಾಕಿದ್ದರೆ ಉತ್ತರ ಬರುವುದಿಲ್ಲ.

ಐವತ್ತು ಗೆರೆ

ಮತಗಟ್ಟೆಯಲ್ಲಿ ಮತದಾನ ಆರಂಭವಾಗುವ ಮುನ್ನ ಅಭ್ಯರ್ಥಿಗಳ ಏಜೆಂಟರ ಎದುರಿಗೇ ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಹಾಕಿ, ಎಣಿಕೆ ತಾಳೆ ನೋಡಿ, ಅಳಿಸಿ ಸೊನ್ನೆ ಮಾಡಿ, ಆಮೇಲೆ ನಿಜವಾದ ಮತದಾನ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಸಿದ ವಿವಿಪ್ಯಾಟ್ ಯಂತ್ರ ಇನ್ನೊಂದು ಹೆಜ್ಜೆ ಮುಂದೆ. ಹಾಕಿದ ಮತದ ಚೀಟಿಯನ್ನು ಗಾಜಿನ ಹಿಂದೆ 7 ಸೆಕೆಂಡು ತೋರಿಸುತ್ತದೆ. ಕೆಂಪು ದೀಪ ಹೊತ್ತಿತೆಂದರೆ ದೀಪ ಹೊತ್ತಿತೆಂದಷ್ಟೇ ಅರ್ಥ. ಎಣಿಕೆ ಸರಿಯಿದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಊಟದ ಮೇಜಿನ ಮತಯಂತ್ರಕ್ಕೂ ಈ ಪರೀಕ್ಷೆ ಆಗಲಿ. ಮಗಳು ಒತ್ತಲಿ, ಅಪ್ಪ ಕಾಗದದ ಮೇಲೆ ಗೆರೆ ಹಾಕಲಿ. ಐವತ್ತು ಗೆರೆಯಾದ ಮೇಲೆ ಯಂತ್ರದ ಲೆಕ್ಕ ನೋಡಲಿ. 50 ಬಂದರೆ ತರಗತಿಗೆ ಒಯ್ಯಬಹುದು. 53 ಬಂದರೆ ಗುಂಡಿ ಇನ್ನೂ ಕುಣಿಯುತ್ತಿದೆ, 48 ಬಂದರೆ ಕಾಯುವ ಸಮಯ ಹೆಚ್ಚಾಗಿದೆಯೇನೋ ನೋಡಬೇಕು. ಆ ಡಬ್ಬಿಯನ್ನು ಮತ್ತೆ ತೆರೆಯಲು ಇಂದಿನ ಸಂಜೆಯೇ ಒಳ್ಳೆಯ ಮುಹೂರ್ತ.